ನೇರಳೆ ಮರದ ಕಟ್ಟುಹಗ್ಗ

ಮರ ಹತ್ತುವ ಮೊದಲು ಬೈರಯ್ಯ ಹಗ್ಗವನ್ನು ಮೂಸಿ ನೋಡುತ್ತಿದ್ದ. ನೀರು ಕುಡಿದು ಒಳಗೇ ಕೊಳೆತ ಹಗ್ಗ ಮೇಲ್ನೋಟಕ್ಕೆ ಹೊಸದರ ಹಾಗೇ ಇರುತ್ತದೆ, ಮೂಗಿಗೆ ಮಾತ್ರ ಸಿಕ್ಕಿಬೀಳುತ್ತದೆ ಎನ್ನುವುದು ಅವನ ನಂಬಿಕೆ. ಸುಂಕದಕಟ್ಟೆಯಲ್ಲಿ ಇದನ್ನು ಕಂಡು ನಗುವವರಿದ್ದರು. ಆದರೆ ಮನೆಯ ಮೇಲೆ ಮರ ಬಾಗಿದಾಗ ನಕ್ಕವರೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಮೊದಲೆಲ್ಲ ಮರ ಕಡಿಯುವುದೆಂದರೆ ಹೊಲದ ಬದುವಿನಲ್ಲಿ ಕೊಡಲಿ ಹಾಕಿ, ಬಿದ್ದ ಕಡೆ ಬೀಳಲಿ ಎಂದು ದೂರ ನಿಲ್ಲುವುದು. ಈಗ ಹಾಗಿರಲಿಲ್ಲ. ರಾಜಾಜಿನಗರದ ಕಡೆ ಹೊಲಗಳಿಗೆಲ್ಲ ಕಲ್ಲು ನೆಟ್ಟು ಸೈಟು ಮಾಡುತ್ತಿದ್ದರು. ಮಾಗಡಿ ರಸ್ತೆಯ ಉದ್ದಕ್ಕೂ ಹಳೆಯ ಮರಗಳ ಬುಡಕ್ಕೇ ಹೊಸ ಗೋಡೆಗಳು ಏಳುತ್ತಿದ್ದವು. ಕೊಂಬೆಯನ್ನು ಬೀಳಿಸುವಂತಿಲ್ಲ, ನಿದ್ದೆ ಹೋದ ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ಇಳಿಸಬೇಕು. ಅದಕ್ಕೆ ಮರದ ಮೇಲಿನ ಗಟ್ಟಿ ಕವೆಯೊಂದಕ್ಕೆ ರಾಟೆ ಕಟ್ಟುತ್ತಿದ್ದರು. ರಾಟೆಯ ಮೇಲೆ ಹಾದ ಹಗ್ಗದ ಒಂದು ತುದಿ ಕೊಯ್ಯಬೇಕಾದ ಕೊಂಬೆಗೆ. ಇನ್ನೊಂದು ತುದಿ ನೆಲದಲ್ಲಿ, ಬೇರೊಂದು ಮರದ ಬುಡಕ್ಕೆ ಸುತ್ತು ಹಾಕಿ ಹಿಡಿದು ನಿಂತವನ ಕೈಯಲ್ಲಿ. ಮೇಲೆ ಕೊಯ್ಯುವವನು ಬೈರಯ್ಯ. ಕೆಳಗೆ ಹಿಡಿಯುವವನು ಚಿಕ್ಕಣ್ಣ, ಅವನ ತಂಗಿ ರಾಮಕ್ಕನ ಗಂಡ.

ಚಿಕ್ಕಣ್ಣನಿಗೆ ಅಣ್ಣತಮ್ಮಂದಿರ ಪಾಲಿನಲ್ಲಿ ಬಂದ ಹೊಲ ಒಂದು ಹಸುವಿನ ಮೇವಿಗೂ ಸಾಲುತ್ತಿರಲಿಲ್ಲ. ಮದುವೆಯಾದ ವರ್ಷವೇ ಬೈರಯ್ಯ ಅವನನ್ನು ಜೊತೆಗೆ ಕರೆದುಕೊಂಡಿದ್ದ, ಕೈ ಹಿಡಿದು ಕಲಿಸಿದ್ದ. ಜಗಲಿಯ ಮೇಲೆ ಸಾಮಾನು ಹರಡಿಕೊಂಡು ಹೇಳಿದ್ದ: "ಹಗ್ಗ ಒಂದೇ ಗಟ್ಟಿ ಇದ್ರೆ ಆಗಲ್ಲ ಕಣಯ್ಯ. ಹಗ್ಗಕ್ಕೆ ತಕ್ಕ ಗಾಲಿ ಬೇಕು. ಗಾಲಿಯ ತೋಡಲ್ಲಿ ಹಗ್ಗ ಮಲಗ್ಬೇಕು, ಕಚ್ಕೋಬಾರ್ದು. ಇನ್ನು ರಾಟೇನ ಮರಕ್ಕೆ ಬಿಗಿಯೋ ಈ ಕಟ್ಟುಹಗ್ಗ ಐತಲ್ಲ, ಇದು ಸುಮ್ನೆ ಕೂತಿರೋ ಹಂಗೆ ಕಾಣ್ತದೆ. ಆದ್ರೆ ಕೊಂಬೆ ಒಂದು ಕಡೆ ಎಳೀತದೆ, ನೀನು ಇನ್ನೊಂದು ಕಡೆ ಎಳೀತೀಯ. ಎರಡೂ ಭಾರ ಬೀಳೋದು ಇದರ ಮೇಲೆ. ಎಲ್ಲಕ್ಕಿಂತ ಇದೇ ಗಟ್ಟಿ ಇರ್ಬೇಕು."

ಚಿಕ್ಕಣ್ಣ ಅದನ್ನು ಮರೆತಿರಲಿಲ್ಲ. ಬೈರಯ್ಯನೂ ಮರೆತಿರಲಿಲ್ಲ. ಆಮೇಲೆ ನಡೆದದ್ದರಲ್ಲಿ ಅವನನ್ನು ಹೆಚ್ಚು ಕೊರೆದದ್ದು ಅದೇ.

ಆ ವರ್ಷ ಮಳೆಗಾಲಕ್ಕೆ ಮುಂಚಿನ ಗಾಳಿ ಜೋರಾಗಿತ್ತು. ಹೊಸಹಳ್ಳಿಯ ವೆಂಕಟರಮಣಪ್ಪನವರ ಹಿತ್ತಿಲಲ್ಲಿ ಒಂದು ನೇರಳೆ ಮರ. ಅದರ ದೊಡ್ಡ ಕೊಂಬೆ ಬುಡದಲ್ಲಿ ಸೀಳು ಬಿಟ್ಟು ಅಡುಗೆಮನೆಯ ಹೆಂಚಿನ ಮೇಲೆ ತೂಗುತ್ತಿತ್ತು. ವೆಂಕಟರಮಣಪ್ಪನವರು ಊರಿಗೆ ದೊಡ್ಡ ಕುಳ. ಮಗಳು ಸತ್ಯವತಿಯ ವೀಳ್ಯಶಾಸ್ತ್ರಕ್ಕೆ ಕೆಂಗೇರಿಯಿಂದ ಗಂಡಿನವರು ಬರುವವರಿದ್ದರು. ಅದಕ್ಕೆ ಹಿತ್ತಿಲಲ್ಲಿ ಚಪ್ಪರ ಹಾಕಬೇಕು. ಅವರು ಹೇಳಿಕಳಿಸಿದಾಗ ಬೈರಯ್ಯ, "ಹಿಂದಿನ ದಿನ ಮಧ್ಯಾಹ್ನದೊಳಗೆ ಕೊಂಬೆ ನೆಲದ ಮೇಲಿರ್ತದೆ ಅಂತ ಹೇಳಿ," ಎಂದು ಮಾತು ಕೊಟ್ಟುಬಿಟ್ಟ.

ಮಾತು ಕೊಡುವಾಗ ದೊಡ್ಡ ರಾಟೆ ತನ್ನ ಹತ್ತಿರವಿಲ್ಲ ಎಂಬುದು ಅವನ ನೆನಪಿಗೆ ಬರಲಿಲ್ಲ. ರೈಲ್ವೆ ಹರಾಜಿನಲ್ಲಿ ಕೊಂಡ ಅಗಲ ಗಾಲಿಯ ಆ ರಾಟೆಯನ್ನೂ ಅದರ ಕಟ್ಟುಹಗ್ಗವನ್ನೂ ಅವನು ಬಾವಿಗೆ ಕಲ್ಲು ಇಳಿಸುವವರಿಗೆ ಎರವಲು ಕೊಟ್ಟಿದ್ದ. ಅದು ಕೆಂಗೇರಿಯಲ್ಲಿತ್ತು. ಮನೆಯಲ್ಲಿ ಉಳಿದಿದ್ದು ಒಂದು ಬಾವಿ ರಾಟೆ, ಕೊಡ ಸೇದುವುದಕ್ಕೆ ಮಾಡಿದ್ದು. ಹೊಸ ಹಗ್ಗವೇನೋ ಇತ್ತು. ತರಗುಪೇಟೆಯಿಂದ ಆಗಷ್ಟೇ ತಂದಿದ್ದ, ಮಗುವಿನ ಮುಂಗೈಯಷ್ಟು ದಪ್ಪ. ಕಂಡಕಂಡವರಿಗೆ ಅದನ್ನು ತೋರಿಸಿ, "ಆನೆ ಕಟ್ಟಿದ್ರೂ ತಡೀತದೆ," ಎಂದು ಹೇಳಿಕೊಂಡಿದ್ದ. ಕಟ್ಟುಹಗ್ಗಕ್ಕೆ ಕೊಟ್ಟಿಗೆಯ ಮೊಳೆಯಲ್ಲಿ ತೂಗುಹಾಕಿದ್ದ ಹಳೆಯದೊಂದನ್ನು ತೆಗೆದುಕೊಂಡ. ಸೂರು ಸೋರಿ ಮಳೆನೀರು ಆ ಮೊಳೆಯ ಮೇಲೇ ಇಳಿಯುತ್ತಿತ್ತು. ಅವನು ಆ ಹಗ್ಗವನ್ನು ಮೂಸಲಿಲ್ಲ. ಮೂಸಿದರೆ ಬಿಡಬೇಕಾಗುತ್ತದೆ ಎಂದು ಅವನಿಗೆ ಗೊತ್ತಿತ್ತು.

ಹಿತ್ತಿಲಲ್ಲಿ ಸಾಮಾನು ಇಳಿಸುತ್ತಿದ್ದಂತೆ ಚಿಕ್ಕಣ್ಣ ಬಾವಿ ರಾಟೆಯನ್ನು ಕೈಗೆ ತೆಗೆದುಕೊಂಡ. ಹೊಸ ಹಗ್ಗವನ್ನು ಗಾಲಿಯ ಮೇಲಿಟ್ಟು ನೋಡಿದ. ಹಗ್ಗ ತೋಡಿನೊಳಗೆ ಇಳಿಯಲೇ ಇಲ್ಲ, ಎರಡು ಅಂಚುಗಳ ಮೇಲೆ ಕೂತಿತ್ತು.

"ಭಾವ, ಇದು ಬ್ಯಾಡ," ಎಂದ ಮೆಲ್ಲಗೆ. "ಹಗ್ಗ ಕಚ್ಕೊಳ್ತದೆ. ಕಚ್ಕೊಂಡು ಬಿಟ್ರೆ ಜಗ್ಗು ಹೊಡೀತದೆ. ಈ ಕಟ್ಟುಹಗ್ಗ ಆ ಜಗ್ಗು ತಡಿಯಲ್ಲ."

"ಒಂದು ಕೊಂಬೆ ತಾನೇ."

"ನೇರಳೆ, ಭಾವ. ಹಸಿ. ಎಷ್ಟು ಭಾರ ಅಂತ ನಿಮಗೆ ನಾನು ಹೇಳ್ಬೇಕಾ? ಬೇಕಾದ್ರೆ ತುದಿಯಿಂದ ಸಣ್ಣ ಸಣ್ಣ ತುಂಡು ಮಾಡಿ ಇಳಿಸೋಣ. ಈ ಸಾಮಾನಿಗೆ ಅಷ್ಟೇ ಆಗೋದು. ಸಾಯಂಕಾಲ ಆಗ್ತದೆ, ಆಗ್ಲಿ."

ಚಿಕ್ಕಣ್ಣ ಹೇಳಿದ್ದು ಸರಿಯಾಗಿತ್ತು. ತಾನು ಕಲಿಸಿದ ಮಾತೇ ತನ್ನ ಎದುರಿಗೆ ಬಂದು ನಿಂತಿತ್ತು. ಬೈರಯ್ಯ ಒಪ್ಪಿಕೊಳ್ಳುವುದರಲ್ಲಿದ್ದ. ಅಷ್ಟರಲ್ಲಿ ಜಗಲಿಯಿಂದ ವೆಂಕಟರಮಣಪ್ಪನವರು ಕೂಗಿದರು.

"ಏನಯ್ಯ ಬೈರಯ್ಯ, ಚಪ್ಪರದೋರು ಗಳ ಹೊತ್ಕೊಂಡು ಕಾಯ್ತಾ ಅವ್ರೆ. ಅದೇನು ಪಂಚಾಯ್ತಿ? ಇಲ್ಲಿ ಮೇಸ್ತ್ರಿ ಯಾರು, ನೀನೋ ಅವನೋ?"

ಚಪ್ಪರದವರು ನಕ್ಕರು. ನೆರೆಮನೆಯ ಹೆಂಗಸರೂ ಬೇಲಿಯ ಆಚೆಯಿಂದ ನೋಡುತ್ತಿದ್ದರು. ಬೈರಯ್ಯನ ಕಿವಿ ಬಿಸಿಯಾಯಿತು.

"ನಿನ್ನ ಹಗ್ಗ ನೀನು ಹಿಡ್ಕೊಂಡು ನಿಂತ್ಕೊ," ಎಂದು ಚಿಕ್ಕಣ್ಣನಿಗೆ ಎಲ್ಲರಿಗೂ ಕೇಳುವ ಹಾಗೆ ಗದರಿದ. "ಮೇಲಿನದು ನನಗೆ ಬಿಡು."

ಚಿಕ್ಕಣ್ಣ ರಾಟೆಯನ್ನು ಕೆಳಗಿಟ್ಟ. ಹೊಂಗೆ ಮರದ ಬುಡಕ್ಕೆ ಹಗ್ಗ ಸುತ್ತಿ, ಕಾಲು ಊರಿ ನಿಂತ. ಬೈರಯ್ಯ ಮೇಲೆ ಹತ್ತಿ ಕವೆಗೆ ಹಳೆಯ ಹಗ್ಗ ಬಿಗಿದು ರಾಟೆ ತೂಗುಹಾಕಿದ. ಮನೆಯವರನ್ನೆಲ್ಲ ಮುಂದಿನ ಅಂಗಳಕ್ಕೆ ಕಳಿಸಿ ಆಗಿತ್ತು. ಗರಗಸ ಸೀಳಿನೊಳಕ್ಕೆ ಇಳಿಯಿತು.

ಕೊಂಬೆ ಬಿಡುವಾಗ ಮೊದಲು ಚೆನ್ನಾಗಿಯೇ ಬಿಟ್ಟಿತು. ಮೆಲ್ಲಗೆ ತಿರುಗಿ ಹೆಂಚಿನ ಮೇಲಿಂದ ಆಚೆ ಸರಿಯತೊಡಗಿತು. ಅರ್ಧದಲ್ಲಿ ಹಗ್ಗ ಗಾಲಿಯ ಅಂಚಿಗೂ ಅದರ ಪಕ್ಕದ ಕಬ್ಬಿಣದ ಪಟ್ಟಿಗೂ ನಡುವೆ ಕಚ್ಚಿಕೊಂಡು ನಿಂತುಬಿಟ್ಟಿತು. ಬೈರಯ್ಯನಿಗೆ ಕೂಗುವಷ್ಟೂ ಹೊತ್ತು ಸಿಗಲಿಲ್ಲ. ಕೊಂಬೆಯ ಭಾರಕ್ಕೆ ಹಗ್ಗ ಒಮ್ಮೆಲೇ ಬಿಡಿಸಿಕೊಂಡು ಹಾರಿತು, ಮತ್ತೆ ಬಿಗಿಯಿತು, ಆ ಒಂದೇ ಜಗ್ಗಿಗೆ ಅವನ ಮುಖದ ಪಕ್ಕದಲ್ಲೇ ಕಟ್ಟುಹಗ್ಗ ಕೊಳೆತ ಸೊಪ್ಪಿನ ಹಾಗೆ ಕಿತ್ತು ಹೋಯಿತು. ಒಳಗೆಲ್ಲ ಕಪ್ಪಗಿತ್ತು. ರಾಟೆಯೂ ಕೊಂಬೆಯೂ ಒಟ್ಟಿಗೆ ಅಡುಗೆಮನೆಯ ಮೇಲೆ ಬಿದ್ದವು.

ಕೆಳಗೆ ಮೈಯೆಲ್ಲ ಭಾರ ಹಾಕಿ ಹಗ್ಗಕ್ಕೆ ಒರಗಿದ್ದ ಚಿಕ್ಕಣ್ಣ, ಹಗ್ಗ ಸಡಿಲವಾದದ್ದೇ ಅಂಗಾತ ಹಿಂದಕ್ಕೆ ಬಿದ್ದ. ಬಿದ್ದವನ ಕೈಯಿಂದ ಕೊಂಬೆ ಹಗ್ಗವನ್ನು ಕಿತ್ತುಕೊಂಡು ಹೋಯಿತು. ಅವನು ಎದ್ದು ಕೂತಾಗ ಅಂಗೈ ಸುಲಿದು ರಕ್ತ ಬರುತ್ತಿತ್ತು. ಕೈಯಲ್ಲಿ ಹಗ್ಗ ಇರಲಿಲ್ಲ.

"ಬಿಟ್ಬಿಟ್ಟ! ಹಗ್ಗ ಬಿಟ್ಬಿಟ್ಟ!" ಎಂದು ಚಪ್ಪರದವನೊಬ್ಬ ಕಿರಿಚಿದ.

ಅದಕ್ಕಿಂತ ದೊಡ್ಡದಾಗಿ ಇನ್ನೊಂದು ದನಿ ಕೇಳಿತು. ವೆಂಕಟರಮಣಪ್ಪನವರ ತಾಯಿ ಮುನಿತಾಯಮ್ಮ, ಒಲೆಯ ಮೇಲಿಟ್ಟ ಹಾಲು ಉಕ್ಕೀತೆಂದು ಯಾರಿಗೂ ಹೇಳದೆ ಒಳಗೆ ಬಂದಿದ್ದಳು. ಬಾಗಿಲ ಹತ್ತಿರವೇ ಇದ್ದಳು, ಅದು ಪುಣ್ಯ. ಹೆಂಚುಗಳು ಅವಳ ಕೈ ಮೇಲೆ ಬಿದ್ದಿದ್ದವು. ಎಡಗೈ ಮಣಿಕಟ್ಟಿನ ಹತ್ತಿರ ತಿರುಚಿ ಹೋಗಿತ್ತು. ಅವಳನ್ನು ಹೊರಗೆ ಎತ್ತಿಕೊಂಡು ಬಂದರು. ಚಿಕ್ಕಣ್ಣ ರಕ್ತದ ಕೈಯಲ್ಲೇ ಮಾಗಡಿ ರಸ್ತೆಗೆ ಓಡಿ ಜಟಕಾ ಕರೆತಂದ. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವರ ಜೊತೆ ತಾನೂ ಓಡಿದ.

ವೆಂಕಟರಮಣಪ್ಪನವರು ಮರದ ಕೆಳಗೆ ಬಂದು ನಿಂತರು. ಮುಖ ಕಪ್ಪಿಟ್ಟಿತ್ತು. "ಏನಯ್ಯ ಇದು? ಏನಾಯ್ತು ಹೇಳು."

ಬೈರಯ್ಯ ಆಗಷ್ಟೇ ಕೆಳಗಿಳಿದಿದ್ದ. ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. "ಕಟ್ಟುಹಗ್ಗ ಕಿತ್ತುಹೋಯ್ತು" ಎಂದು ಹೇಳುವುದಕ್ಕೆ ಉಸಿರೆಳೆದುಕೊಂಡ. ಬಾಯಿಂದ ಬಂದದ್ದು ಬೇರೆ.

"ಕೆಳಗೆ ಹಿಡಿತ ತಪ್ಪಿತು, ಯಜಮಾನ್ರೆ."

ಹೇಳಿದ ಮೇಲೆ ಅದು ಎಷ್ಟು ಸುಲಭವಾಗಿತ್ತು ಎಂದು ಅವನಿಗೇ ಹೆದರಿಕೆಯಾಯಿತು. ಯಾರೂ ಅನುಮಾನ ಪಡಲಿಲ್ಲ. ಚಿಕ್ಕಣ್ಣ ಬಿದ್ದದ್ದನ್ನು ಹಿತ್ತಿಲಲ್ಲಿದ್ದವರೆಲ್ಲ ಕಣ್ಣಾರೆ ಕಂಡಿದ್ದರು. ಬೈರಯ್ಯ ಹೆಂಚಿನ ರಾಶಿಯೊಳಗಿಂದ ರಾಟೆಯನ್ನೂ ಹರಿದ ಹಗ್ಗದ ತುಂಡುಗಳನ್ನೂ ಹೆಕ್ಕಿ ಗೋಣಿಚೀಲಕ್ಕೆ ತುಂಬಿ ಬಾಯಿ ಬಿಗಿದ. ಕಳ್ಳನ ಹಾಗೆ ಬೇಗ ಬೇಗ ಬಿಗಿದ.

ಚಿಕ್ಕಣ್ಣ ಹೊತ್ತು ಇಳಿಯುವಾಗ ಆಸ್ಪತ್ರೆಯಿಂದ ಮರಳಿ ಬಂದ. ಅಷ್ಟು ಹೊತ್ತಿಗೆ ಅವನ ಹಿಡಿತವೇ ತಪ್ಪಿತಂತೆ ಎಂದು ಊರಿನವರು ಅವನಿಗೆ ಹೇಳಿಬಿಟ್ಟಿದ್ದರು. ಬೈರಯ್ಯನ ಎದುರು ಬಂದು ನಿಂತ. ಅಂಗೈಗೆ ಯಾರೋ ಬಟ್ಟೆ ಸುತ್ತಿದ್ದರು.

"ಭಾವ," ಎಂದ. "ಕಟ್ಟುಹಗ್ಗ ತಡೀತಾ?"

ಅವನು ಆರೋಪ ಮಾಡುತ್ತಿರಲಿಲ್ಲ, ತಿಳಿದುಕೊಳ್ಳಲು ಕೇಳುತ್ತಿದ್ದ. ಚಪ್ಪರದವರಿಗೆ, ವೆಂಕಟರಮಣಪ್ಪನವರಿಗೆ ಸುಳ್ಳು ಹೇಳುವುದು ಬೇರೆ. ಈ ಮುಖಕ್ಕೆ ಹೇಳಲಾಗುವುದಿಲ್ಲ ಎಂದುಕೊಂಡ ಬೈರಯ್ಯ. ಆದರೂ ಹೇಳಿಬಿಟ್ಟ.

"ಹೂಂ. ತಡೀತು," ಎಂದ.

ಚಿಕ್ಕಣ್ಣ ತಲೆ ತಗ್ಗಿಸಿ ತನ್ನ ಕೈಯನ್ನು ನೋಡಿಕೊಂಡ.

ವೀಳ್ಯಶಾಸ್ತ್ರ ಮುಂದಕ್ಕೆ ಹೋಯಿತು. ಅಪಶಕುನವಾಯಿತೆಂದು ಗಂಡಿನವರಲ್ಲಿ ಯಾರೋ ಗೊಣಗಿದರು ಎಂಬ ಸುದ್ದಿ ಬಂತು. ಅದೂ ಚಿಕ್ಕಣ್ಣನ ತಲೆಗೇ ಬಂತು. ಹೊಸಹಳ್ಳಿಯ ಬಾವಿಕಟ್ಟೆಯಲ್ಲಿ, ಮಾಗಡಿ ರಸ್ತೆಯ ಟೀ ಅಂಗಡಿಯಲ್ಲಿ, "ಹಗ್ಗ ಬಿಟ್ಟೋನು" ಎಂದರೆ ಯಾರೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಚಿಕ್ಕಣ್ಣ ಯಾರೊಡನೆಯೂ ಜಗಳಕ್ಕೆ ಹೋಗಲಿಲ್ಲ. ಮಾರನೆಯ ದಿನವೇ ಏಣಿ ಹೊತ್ತುಕೊಂಡು ವೆಂಕಟರಮಣಪ್ಪನವರ ಮನೆಗೆ ಹೋಗಿ, ಮುರಿದ ತೊಲೆ ತೆಗೆದು ಹೆಂಚು ಹೊದಿಸುವ ಕೆಲಸ ಹಚ್ಚಿಕೊಂಡ. ಕೂಲಿ ಬೇಡವೆಂದ.

ಬೈರಯ್ಯ ಬೇರೆ ಕಡೆ ಕೆಲಸಕ್ಕೆ ಹೋಗುತ್ತಿದ್ದ. ಜನ ಅವನನ್ನು ಕಂಡು ಅಯ್ಯೋ ಎನ್ನುತ್ತಿದ್ದರು. "ಪಾಪ, ತಂಗಿ ಗಂಡ ಅಂತ ಇಟ್ಕೊಂಡಿದ್ದಿ. ಹೊರಗಿನೋನಾಗಿದ್ರೆ ಆಗಲೇ ಓಡಿಸ್ತಿದ್ದೆ," ಎನ್ನುತ್ತಿದ್ದರು. ಅವನು ಹೂಂ ಅನ್ನುತ್ತಲೂ ಇರಲಿಲ್ಲ, ಉಹೂಂ ಅನ್ನುತ್ತಲೂ ಇರಲಿಲ್ಲ. ಊಟಕ್ಕೆ ಕೂತರೆ ಅರ್ಧ ಮುದ್ದೆ ಬಿಟ್ಟು ಏಳುತ್ತಿದ್ದ. ಹೆಂಡತಿ ಲಿಂಗಮ್ಮ ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದ.

ಒಂದು ಬೆಳಗ್ಗೆ ರಾಮಕ್ಕ ಬಂದಳು. ಮಡಿಲಲ್ಲಿ ಅತ್ತಿಗೆಗೆಂದು ಮಾವಿನಕಾಯಿ ಕಟ್ಟಿಕೊಂಡಿದ್ದಳು. ಅದನ್ನು ಮೊರಕ್ಕೆ ಸುರಿದು ಅಣ್ಣನ ಎದುರು ನೆಲಕ್ಕೆ ಕೂತಳು.

"ಅಣ್ಣ, ಅವರನ್ನ ಕ್ಷಮಿಸ್ಬಿಡು," ಎಂದಳು.

ಬೈರಯ್ಯ ಬಾಯಿಗೆ ಹಾಕಿಕೊಳ್ಳಲು ಎತ್ತಿದ್ದ ವೀಳ್ಯದೆಲೆಯನ್ನು ಕೆಳಗಿಟ್ಟ.

"ನಿನ್ನ ಹೆಸರು ಮಣ್ಣುಪಾಲು ಮಾಡ್ದೆ ಅಂತ ಕೊರಗ್ತಾ ಅವ್ರೆ. ನಿನ್ನ ಮುಂದೆ ಬರಕ್ಕೂ ನಾಚ್ಕೆ ಅಂತಾರೆ. ಊಟಕ್ಕೆ ಕೂತ್ರೆ ಅನ್ನ ಕಲಸ್ದೆ ಅಂಗೈ ನೋಡ್ಕೊಂಡು ಕೂತ್ಬಿಡ್ತಾರೆ. ನೀನು ಒಂದು ಮಾತು ಬೈದಿದ್ರೂ ಅವರಿಗೆ ಸಮಾಧಾನ ಆಗ್ತಿತ್ತೇನೋ. ನೀನು ಬೈಲೂ ಇಲ್ಲ. ನೀನು ದೊಡ್ಡ ಮನಸಿನೋನು, ನಂಗೊತ್ತು. ಒಂದು ಸಲ ಹೋಗಿ ಮಾತಾಡು ಅಣ್ಣ."

ಒಲೆಯ ಮುಂದಿನಿಂದ ಲಿಂಗಮ್ಮ ತಿರುಗಿದಳು. "ಅದ್ಯಾಕಂಗೆ ಕಲ್ಲು ಕೂತಂಗೆ ಕೂತಿದೀರಾ? ತಂಗಿ ಅಷ್ಟು ಕೇಳ್ಕೊತಾ ಅವ್ಳೆ, ಒಂದು ಮಾತು ಆಡಬಾರ್ದಾ?"

ಆಗ ಹೇಳಿಬಿಡಬಹುದಿತ್ತು. ಮನೆಯೊಳಗೆ ಇದ್ದವರು ಇಬ್ಬರೇ, ಇಬ್ಬರೂ ತನ್ನವರು. ಬೈರಯ್ಯ ಕಂಬ ನೋಡಿಕೊಂಡು, "ಆಗ್ಲಿ ಬಿಡಮ್ಮ. ನಾನು ಮಾತಾಡ್ತೀನಿ," ಎಂದ. ರಾಮಕ್ಕ ಕಣ್ಣೊರೆಸಿಕೊಂಡು ಅವನ ಕಾಲು ಮುಟ್ಟಿದಳು. ಆ ಕಾಲನ್ನು ಎಲ್ಲಿ ಬಚ್ಚಿಡುವುದೆಂದು ಅವನಿಗೆ ತಿಳಿಯಲಿಲ್ಲ.

ಅದೇ ಮಧ್ಯಾಹ್ನ ಹೊಸಹಳ್ಳಿಗೆ ಹೋದ. ಚಿಕ್ಕಣ್ಣ ಅಡುಗೆಮನೆಯ ಮೇಲೆ ಹೆಂಚು ಕೂರಿಸಲು ಹೊಸ ರೀಪು ಹೊಡೆಯುತ್ತಿದ್ದ. ಕೆಳಗೆ ಮುನಿತಾಯಮ್ಮ ಕೈಯನ್ನು ಬಟ್ಟೆಯಲ್ಲಿ ಕೊರಳಿಗೆ ತೂಗುಹಾಕಿಕೊಂಡು ಕೂತಿದ್ದಳು. ಬಾಯಿ ಸುಮ್ಮನಿರಲಿಲ್ಲ. "ಹುಷಾರಾಗಿ ಹೊಡಿಯಪ್ಪ. ನಿನ್ನ ಕೈ ನಂಬಿ ಒಂದು ಸಲ ಕೆಟ್ಟೆ. ಮುದುಕಿಗೆ ಇನ್ನೊಂದೇ ಕೈ ಇರೋದು," ಎನ್ನುತ್ತಿದ್ದಳು. ಚಿಕ್ಕಣ್ಣ, "ಆಗ್ಲಮ್ಮ," ಎನ್ನುತ್ತಿದ್ದ.

ಭಾವನನ್ನು ಕಂಡು ಇಳಿದು ಬಂದ. ಇಬ್ಬರೂ ಹೊಂಗೆ ಮರದ ನೆರಳಿಗೆ ಸರಿದರು.

"ಕೆಲಸಕ್ಕೆ ಬಾ," ಎಂದ ಬೈರಯ್ಯ.

"ಇಲ್ಲ ಭಾವ. ನಾನಿನ್ನು ಹಗ್ಗ ಹಿಡಿಯಲ್ಲ. ಇಟ್ಟಿಗೆ ಗೂಡಲ್ಲಿ ಕೇಳಿದೀನಿ." ಅಂಗೈ ಬಿಚ್ಚಿ ನೋಡಿಕೊಂಡು ಮತ್ತೆ ಹೇಳಿದ: "ಬೈದ್ರೆ ಬೈಸ್ಕೋತೀನಿ, ಅದಲ್ಲ. ಹಗ್ಗ ಕೈಲಿತ್ತು, ಆಮೇಲೆ ಇರಲಿಲ್ಲ. ನಡುವೆ ಏನಾಯ್ತು ಅಂತಾನೆ ನಂಗೆ ಗೊತ್ತಾಗ್ತಿಲ್ಲ. ಇದ್ದಕ್ಕಿದ್ದಂಗೆ ಹಗುರಾದಂಗಾಯ್ತು. ಬಿಟ್ಟೆ ಅನ್ನೋದು ಕೂಡ ನೆನಪಿಲ್ಲ. ನನ್ನ ಕೈ ಮೇಲೆ ನಂಗೇ ನಂಬಿಕೆ ಹೋದ್ರೆ ನೀವು ಮೇಲೆ ಹೆಂಗೆ ನಿಲ್ತೀರ ಭಾವ? ನಾಳೆ ನಿಮ್ಮನ್ನೇ ಬೀಳಿಸಿದ್ರೆ?"

ಬೈರಯ್ಯ ಹೊಂಗೆಯ ತೊಗಟೆಯಲ್ಲಿ ಹಗ್ಗ ಉಜ್ಜಿದ ಗುರುತನ್ನು ನೋಡುತ್ತ ನಿಂತ. ಊರವರು ಬೈದದ್ದನ್ನು ಇವನು ತಡೆದುಕೊಂಡಿದ್ದ. ತಾನು ಹೇಳಿದ ಒಂದು "ತಡೀತು" ಎಂಬ ಮಾತನ್ನು ಮಾತ್ರ ತಡೆದುಕೊಳ್ಳಲು ಅವನಿಂದ ಆಗಿರಲಿಲ್ಲ, ಯಾಕೆಂದರೆ ಅದನ್ನು ಅವನು ನಂಬಿದ್ದ.

"ಎಲ್ಲರಿಗೂ ಆಗ್ತದೆ," ಎಂದಷ್ಟೇ ಹೇಳಿ ಬೈರಯ್ಯ ಹೊರಟುಬಿಟ್ಟ. ದಾರಿಯಲ್ಲಿ ತನ್ನ ನೆರಳನ್ನು ತುಳಿದುಕೊಂಡು ನಡೆದ. ಎದುರಿಗೆ ಬಂದ ಗಾಡಿಯವನು "ಏನು ಮೇಸ್ತ್ರಿ" ಎಂದು ಮಾತಾಡಿಸಿದರೆ ತಲೆ ಎತ್ತಲಿಲ್ಲ.

ಕೆಲವು ದಿನಗಳಾದ ಮೇಲೆ ವೆಂಕಟರಮಣಪ್ಪನವರು ಮತ್ತೆ ಹೇಳಿಕಳಿಸಿದರು. ಗಂಡಿನವರು ಕೊನೆಗೂ ಒಪ್ಪಿದ್ದರು, ಶಾಸ್ತ್ರಕ್ಕೆ ಬೇರೆ ದಿನ ಗೊತ್ತಾಗಿತ್ತು. ನೇರಳೆ ಮರದಲ್ಲಿ ಇನ್ನೊಂದು ಕೊಂಬೆಯೂ ಸೀಳಿದ್ದು ಈಗ ಕಾಣುತ್ತಿತ್ತು. ಅದನ್ನು ಇಳಿಸಬೇಕು.

ಈ ಸಲ ಕೆಂಗೇರಿಯಿಂದ ದೊಡ್ಡ ರಾಟೆ ಬಂದಿತ್ತು. ಬೈರಯ್ಯ ಗಾಡಿಯಲ್ಲಿ ಎಲ್ಲವನ್ನೂ ಹೇರಿಕೊಂಡು ಹೋಗಿ ಹಿತ್ತಿಲಲ್ಲಿ ಗೋಣಿ ಹಾಸಿ ಹರಡಿದ. ಅಗಲ ಗಾಲಿಯ ತೋಡಿನಲ್ಲಿ ದಪ್ಪ ಹಗ್ಗ ಹಾಯಾಗಿ ಮಲಗಿತು. ಗಾಲಿಯನ್ನು ತಿರುಗಿಸಿ ಎಣ್ಣೆ ಬಿಟ್ಟ. ಕಟ್ಟುಹಗ್ಗಕ್ಕೆ ಇನ್ನೂ ದಪ್ಪನೆಯ ಹೊಸ ಹಗ್ಗವನ್ನು ಎರಡು ಮಡಿಕೆ ಮಾಡಿ, ಎಳೆಎಳೆ ಬಿಡಿಸಿ ನೋಡಿ, ಇಬ್ಬರು ಆಳುಗಳ ಕೈಯಲ್ಲಿ ಜಗ್ಗಿಸಿದ. ಇಷ್ಟೇ ಮಾಡಬೇಕಾಗಿದ್ದದ್ದು. ಹಗ್ಗ ನೋಡುವುದಕ್ಕೆ ಒಂದು ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಸಾಕಾಗಿತ್ತು.

ಚಿಕ್ಕಣ್ಣ ಅಂದು ಸೂರಿನ ಕೊನೆಯ ಸಾಲಿಗೆ ಹೆಂಚು ಹೊದಿಸುತ್ತಿದ್ದ. ಸಾಮಾನು ಕಂಡು ಅವನ ಕೈ ತಾನಾಗಿ ನಿಂತಿತ್ತು. ವೆಂಕಟರಮಣಪ್ಪನವರು ಅದನ್ನು ಗಮನಿಸಿದರು.

"ನೋಡು ಬೈರಯ್ಯ, ನಿಮ್ಮ ಸಂಬಂಧ ನಿಮಗಿರ್ಲಿ. ಅವನು ಮಾತ್ರ ಹಗ್ಗದ ಹತ್ರ ಬರೋದು ಬ್ಯಾಡ."

ಬೈರಯ್ಯ ಉತ್ತರ ಕೊಡುವ ಮೊದಲೇ ಸೂರಿನ ಮೇಲಿಂದ ಚಿಕ್ಕಣ್ಣ, "ಅದೇ ಸರಿ ಯಜಮಾನ್ರೆ. ನಾನೇ ದೂರ ಹೋಗ್ತೀನಿ," ಎಂದು ಏಣಿಯ ಮೇಲೆ ಕಾಲಿಟ್ಟ. ದನಿಯಲ್ಲಿ ಕೋಪವಿರಲಿಲ್ಲ. ತನ್ನ ಮೇಲೆ ತಾನೇ ತೀರ್ಪು ಕೊಟ್ಟುಕೊಂಡವನ ಹಾಗೆ ಒಂದೊಂದೇ ಮೆಟ್ಟಿಲು ಇಳಿದ.

"ಅವನ ಕೈ ತಪ್ಪಲಿಲ್ಲ," ಎಂದ ಬೈರಯ್ಯ.

ದನಿ ಸಣ್ಣದಾಗಿ ಬಂತು. ಯಾರಿಗೂ ಕೇಳಿಸಲಿಲ್ಲವೇನೋ ಎಂದು ಒಂದು ಕ್ಷಣ ಆಸೆಯಾಯಿತು. ಆ ಆಸೆಗೇ ನಾಚಿಕೆಯಾಗಿ ಗಟ್ಟಿಯಾಗಿ ಹೇಳಿದ.

"ಅವತ್ತು ಚಿಕ್ಕಣ್ಣನ ಹಿಡಿತ ತಪ್ಪಲಿಲ್ಲ ಯಜಮಾನ್ರೆ. ಮೇಲೆ ನಾನು ಕಟ್ಟಿದ್ದು ಕಿತ್ತುಹೋಯ್ತು. ಕೊಟ್ಟಿಗೆಯ ಕೊಳೆತ ಹಗ್ಗ. ರಾಟೆ ಬಾವಿಯದು. ಬ್ಯಾಡ ಅಂತ ಅವನು ಹೇಳ್ದ, ನಿಮ್ಮ ಹಿತ್ತಿಲಲ್ಲೇ ಹೇಳ್ದ. ನಾನೇ ಗದರಿ ಬಾಯಿ ಮುಚ್ಚಿಸ್ದೆ. ಆಮೇಲೆ ಹಗ್ಗದ ಚೂರು ಚೀಲದಲ್ಲಿ ಬಚ್ಚಿಟ್ಟು ಅವನ ಮೇಲೆ ಹೇಳ್ದೆ."

ವೆಂಕಟರಮಣಪ್ಪನವರ ಮುಖ ಕೆಂಪೇರಿತು. ಅವರಿಗೂ ಆ ದಿನ ತಾವು ಆಡಿದ ಮಾತು ನೆನಪಾಗಿರಬೇಕು, ಏನೋ ಹೇಳಹೋದವರು ನುಂಗಿಕೊಂಡರು. ಆಮೇಲೆ ಹೇಳಿದರು: "ನಮ್ಮಮ್ಮ ದಿನಾ ಅವನಿಗೆ ಚುಚ್ಚಿ ಚುಚ್ಚಿ ಮಾತಾಡಿದ್ದು ಕೇಳಿಸ್ಕೊಂಡೂ ಸುಮ್ನಿದ್ದೆಯೇನಯ್ಯ ನೀನು? ಮನುಷ್ಯನಾ ನೀನು?"

ಆ ಪ್ರಶ್ನೆಯನ್ನು ಬೈರಯ್ಯನೂ ತನಗೆ ತಾನೇ ಕೇಳಿಕೊಂಡಿದ್ದ.

ಮುನಿತಾಯಮ್ಮ ಜಗಲಿಯಿಂದ ಎದ್ದು ಬಂದಳು. ಬೈರಯ್ಯನ ಪಕ್ಕದಲ್ಲೇ ಹಾದು ಹೋದರೂ ಅವನ ಕಡೆ ನೋಡಲಿಲ್ಲ. ಏಣಿಯ ಬುಡದಲ್ಲಿ ನಿಂತಿದ್ದ ಚಿಕ್ಕಣ್ಣನ ಕೈಯನ್ನು ತನ್ನ ಒಂದೇ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಅಂಗೈ ಮೇಲೆ ಹೊಸ ಚರ್ಮ ಗುಲಾಬಿಯಾಗಿ ಕೂಡುತ್ತಿತ್ತು.

"ನನ್ನ ಬಾಯಿಗೆ ಹುಳ ಬೀಳ," ಎಂದಳು. "ಏನೇನು ಅಂದುಬಿಟ್ಟೆನಪ್ಪ ನಿನಗೆ."

ಚಿಕ್ಕಣ್ಣ ಕೈ ಬಿಡಿಸಿಕೊಂಡು ಬೈರಯ್ಯನ ಹತ್ತಿರ ಬಂದ. ಮುಖದಲ್ಲಿ ಹಗುರಾದ ಗುರುತು ಕಾಣಲಿಲ್ಲ.

"ಅವತ್ತು ನಾನು ಕೇಳ್ದೆ," ಎಂದ.

"ಕೇಳ್ದೆ."

"ತಡೀತು ಅಂದ್ರಿ."

"ಅಂದೆ."

ಚಿಕ್ಕಣ್ಣ ಬಾಗಿ ಗೋಣಿಯ ಮೇಲಿದ್ದ ಕಟ್ಟುಹಗ್ಗವನ್ನು ಎತ್ತಿಕೊಂಡ. ಗಂಟು ಹಾಕುವ ಜಾಗವನ್ನು ಬೆರಳಲ್ಲಿ ಒತ್ತಿ ನೋಡಿದ. ರಾಟೆಯ ಕೊಂಡಿಯನ್ನು ತಿರುಗಿಸಿ ನೋಡಿದ. ಎಲ್ಲ ಸರಿಯಿತ್ತು, ಆದರೂ ನೋಡಿದ. ಇಷ್ಟು ವರ್ಷ ಅವನು ಬೈರಯ್ಯ ಕೊಟ್ಟದ್ದನ್ನು ಹಾಗೇ ತೆಗೆದುಕೊಂಡಿದ್ದ.

"ಇವತ್ತು ಮೇಲೆ ನಾನು ಹತ್ತೀನಿ," ಎಂದ. "ನೀವು ಕೆಳಗೆ ಹಿಡೀರಿ."

ವೆಂಕಟರಮಣಪ್ಪನವರು ಬೇಡವೆನ್ನಲಿಲ್ಲ. ಬೈರಯ್ಯ ಹೊಂಗೆ ಮರದ ಬುಡಕ್ಕೆ ಹಗ್ಗ ಸುತ್ತಿ, ಚಿಕ್ಕಣ್ಣ ನಿಲ್ಲುತ್ತಿದ್ದ ಜಾಗದಲ್ಲಿ ಕಾಲು ಊರಿ ನಿಂತ. ಅಲ್ಲಿಂದ ನೋಡಿದರೆ ಎಲೆಗಳ ನಡುವೆ ಕವೆ ಕಾಣುತ್ತಲೇ ಇರಲಿಲ್ಲ. ಮೇಲೆ ಏನು ಕಟ್ಟಿದ್ದಾರೋ, ಹೇಗೆ ಕಟ್ಟಿದ್ದಾರೋ, ಕೆಳಗಿನವನಿಗೆ ತಿಳಿಯುವುದೇ ಇಲ್ಲ. ಇಷ್ಟು ಕಾಲ ಮೇಲೇ ಇದ್ದ ಬೈರಯ್ಯನಿಗೆ ಇದು ಹೊಳೆದೇ ಇರಲಿಲ್ಲ. ಚಿಕ್ಕಣ್ಣ ಪ್ರತಿ ದಿನ ಹೀಗೆ ಕಣ್ಣು ಕಟ್ಟಿದವನ ಹಾಗೆ ನಿಂತು, ಮೇಲಿನವನನ್ನು ನಂಬಿ ಮೈಭಾರ ಹಾಕುತ್ತಿದ್ದ.

"ಬಿಡ್ಲಾ?" ಎಂದು ಮೇಲಿಂದ ಕೂಗು ಬಂತು.

"ಬಿಡು."

ಕೊಂಬೆಯ ಭಾರ ಹಗ್ಗಕ್ಕೆ ಬಂದಾಗ ಬೈರಯ್ಯನ ತೋಳು ಕಿತ್ತು ಬರುವ ಹಾಗಾಯಿತು. ಆದರೆ ಹಗ್ಗ ಗಾಲಿಯ ಮೇಲೆ ಸದ್ದಿಲ್ಲದೆ ಹರಿಯಿತು. ಒಂದು ಸಲವೂ ಕಚ್ಚಿಕೊಳ್ಳಲಿಲ್ಲ. ಸ್ವಲ್ಪ ಸ್ವಲ್ಪವೇ ಸಡಿಲ ಬಿಡುತ್ತ ಹೋದ, ನೇರಳೆಯ ಕೊಂಬೆ ಎಲೆ ಅಲ್ಲಾಡಿಸುತ್ತ ಸೂರಿನಾಚೆ ಖಾಲಿ ನೆಲದ ಮೇಲೆ ಬಂದು ಕೂತಿತು. ಯಾರೋ ಭೇಷ್ ಎಂದರು. ಯಾರಿಗೆ ಅಂದರೆಂದು ಅವನು ತಿರುಗಿ ನೋಡಲಿಲ್ಲ.

ಚಿಕ್ಕಣ್ಣ ಇಳಿದು, ಹಗ್ಗ ಸುತ್ತಿ, ರಾಟೆ ಬಿಚ್ಚಿ ಗಾಡಿಗಿಟ್ಟ. ಮನೆಯವರು ಕೊಟ್ಟ ಮಜ್ಜಿಗೆ ಕುಡಿದ. ಆಮೇಲೆ ಬೈರಯ್ಯನ ಗಾಡಿಗೆ ಹತ್ತದೆ ಹೊಲದ ಕಾಲುದಾರಿ ಹಿಡಿದು ಒಬ್ಬನೇ ನಡೆದು ಹೋದ.

ಇಟ್ಟಿಗೆ ಗೂಡಿಗೆ ಅವನು ಹೋಗಲಿಲ್ಲ, ಬೈರಯ್ಯನ ಜೊತೆಗೂ ಬರಲಿಲ್ಲ. ಇಬ್ಬರು ಆಳುಗಳನ್ನು ಸೇರಿಸಿಕೊಂಡು ತಾನೇ ಕೆಲಸ ಹಿಡಿಯತೊಡಗಿದ. ಹೊಸಹಳ್ಳಿಯವರು ಈಗ ಅವನನ್ನೇ ಕರೆಯುತ್ತಿದ್ದರು. ಸುಂಕದಕಟ್ಟೆಯ ಕಡೆಯ ಕೆಲಸ ಮಾತ್ರ ಬೈರಯ್ಯನಿಗೆ ಉಳಿಯಿತು. ಅದು ನ್ಯಾಯವೇ ಎಂದು ಅವನಿಗೂ ಅನ್ನಿಸಿತು. ಲಿಂಗಮ್ಮನಿಗೆ ತಪ್ಪೊಪ್ಪಿಕೊಂಡ ದಿನವೇ ಎಲ್ಲ ಹೇಳಿದ್ದ. ಅವಳು ಬೈಯಲಿಲ್ಲ. "ರಾಮಕ್ಕನ ಕೈಲಿ ಕಾಲು ಮುಟ್ಟಿಸ್ಕೊಂಡ್ರಲ್ಲ," ಎಂದು ಮಾತ್ರ ಹೇಳಿ ಒಳಗೆ ಹೋದಳು.

ಗೌರಿ ಹಬ್ಬ ಬಂತು. ತಂಗಿಗೆ ಬಾಗಿನ ಕೊಡಬೇಕು. ಬೇರೆಯವರ ಕೈಲಿ ಕಳಿಸಿಬಿಡಲೇ ಎಂದು ಯೋಚಿಸಿದ ಬೈರಯ್ಯ. ಕೊನೆಗೆ ಲಿಂಗಮ್ಮ ಮೊರಗಳನ್ನು ಅವನ ಕೈಗೇ ಕೊಟ್ಟಳು. ರಾಮಕ್ಕನ ಮನೆಯ ಬಾಗಿಲಲ್ಲಿ ಅವನು ಕೂಗದೆ ನಿಂತ. ಅವಳು ಸಾರಿಸುತ್ತಿದ್ದವಳು ಎದ್ದು ನೋಡಿದಳು. ಅವಳ ಮುಖ ಒಂದು ಸಲ ಬಿಗಿಯಿತು. ಆಮೇಲೆ ಕೈ ತೊಳೆದುಕೊಂಡು ಬಂದು, ಸೆರಗೊಡ್ಡಿ ಬಾಗಿನ ತೆಗೆದುಕೊಂಡಳು. ನಮಸ್ಕಾರ ಮಾಡಲು ಬಾಗುವಷ್ಟರಲ್ಲಿ ಬೈರಯ್ಯ ಎರಡು ಹೆಜ್ಜೆ ಹಿಂದೆ ಸರಿದ.

"ಬ್ಯಾಡಮ್ಮ," ಎಂದ. "ಇವತ್ತು ಬ್ಯಾಡ."

ರಾಮಕ್ಕ ಒತ್ತಾಯ ಮಾಡಲಿಲ್ಲ. "ಕೂತ್ಕೊ. ಒಬ್ಬಟ್ಟು ಬೇಯ್ತಾ ಐತೆ," ಎಂದಳು.

ಚಿಕ್ಕಣ್ಣ ಒಳಗಿನಿಂದ ಬಂದು ಜಗಲಿಯ ಇನ್ನೊಂದು ತುದಿಗೆ ಕೂತ. ಇಬ್ಬರ ನಡುವೆ ಎಲೆಅಡಿಕೆ ತಟ್ಟೆ ಇತ್ತು. ಅವನು ಅದನ್ನು ಬೈರಯ್ಯನ ಕಡೆ ತಳ್ಳಿದ. ಈ ಸಲ ಮಳೆ ಸಾಲದೆಂದೂ ರಾಗಿ ಪೈರು ಇನ್ನೂ ಮೊಣಕಾಲು ಮುಟ್ಟಿಲ್ಲವೆಂದೂ ಹೇಳಿದ. ಬೈರಯ್ಯ ಹೌದೆಂದ. ಒಬ್ಬಟ್ಟು ಬರುವವರೆಗೂ ಇಬ್ಬರೂ ಹೊಲದ ಕಡೆ ನೋಡುತ್ತ ಕೂತರು.